ಸುಡದ ಕೈ

ನುಜಹತಳ ಕೈ ಸುಡುವುದಿಲ್ಲ ಎಂಬ ಮಾತು ಸವಣೂರಿನ ಆ ಓಣಿಯಲ್ಲಿ ಹುಟ್ಟಿ, ರೊಟ್ಟಿಯ ಕಟ್ಟುಗಳ ಜೊತೆ ಶಿಗ್ಗಾವಿಯ ಖಾನಾವಳಿಗಳವರೆಗೂ ಹೋಗಿತ್ತು. ಹಬ್ಬಿಸಿದವಳು ಬೇರೆ ಯಾರೂ ಅಲ್ಲ, ಅವಳ ಅತ್ತೆ ಇಮಾಮಬಿ. ಮಗ ಮುಜಾಫರ ಹತ್ತನೇ ಇಯತ್ತೆ ಪಾಸಾಗಿ ಬಂದ ದಿನ ಕೂಡ "ಆತು, ಕೈಕಾಲು ತೊಳಕೊಂಡು ಉಣ್ಣ ಬಾ" ಎಂದಷ್ಟೇ ಹೇಳಿದ ಹೆಂಗಸು ಅವಳು. ಅಂಥವಳು ಸೊಸೆಯ ಕೈಯ ವಿಷಯ ಬಂದರೆ ಮಾತ್ರ ಬಾಯಿ ಮುಚ್ಚುತ್ತಿರಲಿಲ್ಲ.

ಮನೆಯ ಹಿಂದೆ ತಗಡಿನ ಮಾಡು ಇಳಿಸಿ ಮೂರು ಒಲೆ ಹೂಡಿದ್ದರು. ಇಮಾಮಬಿ, ನುಜಹತ ಮತ್ತು ಪಕ್ಕದ ಮನೆಯ ಮಂಜವ್ವ ಬೆಳಗಿನಿಂದ ಮಧ್ಯಾಹ್ನದವರೆಗೆ ಜೋಳದ ಖಡಕ್ ರೊಟ್ಟಿ ಬಡಿಯುತ್ತಿದ್ದರು. ಮುಜಾಫರ ಅವನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂಕಾಪುರ, ಶಿಗ್ಗಾವಿ, ಹಾನಗಲ್ಲಿಗೆ ಹಾಕಿ ಬರುತ್ತಿದ್ದ. ಅವನ ತಂಗಿ ಗುಲ್ನಾಜ ಬಿ.ಎಡ್. ಓದುತ್ತಿದ್ದಳು; ಕಾಲೇಜಿಗೆ ಹೋಗುವ ಮೊದಲು ರೊಟ್ಟಿಯ ಕಟ್ಟು ಕಟ್ಟುವುದು ಅವಳ ಪಾಲು. ಇವರೆಲ್ಲರ ಕಾಲಲ್ಲಿ ಓಡಾಡಿಕೊಂಡು ನುಜಹತಳ ನಾಲ್ಕು ವರ್ಷದ ಮಗಳು ಮಾಹೀರಾ.

ಜೋಳದ ಹಿಟ್ಟಿಗೆ ಕುದಿಯುವ ಎಸರು ಸುರಿದ ಕೂಡಲೇ ಯಾರೂ ಕೈ ಹಾಕುವುದಿಲ್ಲ. ಮೊದಲು ಸಟ್ಟುಗದಿಂದ ತಿರುವಿ, ಹಬೆ ಅಡಗಿದ ಮೇಲೆ ನಾದುತ್ತಾರೆ. ನುಜಹತ ಕಾಯುತ್ತಿರಲಿಲ್ಲ. ಎಸರು ಸುರಿದು, ಹಬೆಯೊಳಗೇ ಬಲಗೈ ಇಳಿಸಿ ನಾದಿಬಿಡುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿಯನ್ನು ಬೆರಳಿಂದಲೇ ಒತ್ತಿ, ಬೆರಳಿಂದಲೇ ತಿರುವಿ, ಬೆರಳಿಂದಲೇ ತೆಗೆಯುತ್ತಿದ್ದಳು. ಇದು ಶುರುವಾಗಿ ಮೂರು ವರ್ಷ. ಹಡೆದ ಮೇಲೆ ಸೊಸೆ ಗಟ್ಟಿಯಾಗಿದ್ದಾಳೆ ಎಂದು ಇಮಾಮಬಿ ಲೆಕ್ಕ ಹಾಕಿದ್ದಳು. ಖಾನಾವಳಿಯವರು ಬಂದರೆ, ಬೀಗರು ಬಂದರೆ, ಸುಮ್ಮನೆ ದಾರಿ ಕೇಳಲು ಬಂದವರನ್ನೂ, "ಬರ್ರಿ, ನಮ್ಮ ಸೊಸಿ ಕೈ ನೋಡಿ ಹೋಗ್ರಿ" ಎಂದು ಒಳಗೆ ಕರೆಯುತ್ತಿದ್ದಳು.

ನುಜಹತಳಿಗೂ ಅದು ಸುಖವಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಆಡೂರಿನಿಂದ ಬಂದ ಹುಡುಗಿ. ಬಂದ ಮೊದಲ ವರ್ಷಗಳಲ್ಲಿ ಅವಳ ಸಾರಿಗೆ ಉಪ್ಪು ಹೆಚ್ಚಾಯಿತು, ಅವಳ ಕಸಬರಿಗೆ ಮೂಲೆ ಮುಟ್ಟಲಿಲ್ಲ, ಅವಳ ತವರಿನವರು ಹಬ್ಬಕ್ಕೆ ತಂದ ಸೀರೆಯ ಬಣ್ಣ ಸರಿ ಇರಲಿಲ್ಲ. ಈಗ ಊರವರ ಎದುರು ಅತ್ತೆ ಕೈ ಹಿಡಿದು ತೋರಿಸುತ್ತಿದ್ದಾಳೆ. ಬೆರಳ ತುದಿಯ ಸಣ್ಣ ಸಣ್ಣ ಕಪ್ಪು ಕಲೆಗಳನ್ನು ಯಾರಾದರೂ ಕೇಳಿದರೆ, ರೊಟ್ಟಿ ಬಡಿಯುವವರ ಕೈ ಹೀಗೇ ಎಂದು ಇಮಾಮಬಿಯೇ ಉತ್ತರ ಕೊಡುತ್ತಿದ್ದಳು.

ಕೈ ಸುಡುತ್ತಿರಲಿಲ್ಲ, ಆದರೆ ಭುಜ ನೋಯುತ್ತಿತ್ತು. ಬಲಭುಜದಿಂದ ಕುತ್ತಿಗೆಯವರೆಗೆ, ಯಾರೋ ಒಳಗಿನಿಂದ ಹಗ್ಗ ಜಗ್ಗಿದ ಹಾಗೆ. ಹೇಳಿದಳು. ಭುಜ ನೋಯದ ರೊಟ್ಟಿಯವಳನ್ನು ತೋರಿಸು ಎಂದಳು ಇಮಾಮಬಿ. ತನಗೂ ನೋಯುತ್ತದೆ, ಮಂಜವ್ವನಿಗೂ ನೋಯುತ್ತದೆ, ಯಾರು ಆಸ್ಪತ್ರೆಗೆ ಓಡಿದ್ದಾರೆ? ಮಂಜವ್ವ ತಲೆಯಾಡಿಸಿದಳು. ಮಾತು ಅಲ್ಲಿಗೆ ಮುಗಿಯಿತು.

ಹಾಗೆಂದು ಇಮಾಮಬಿ ಕಟುಕಳಲ್ಲ. ಒಂದು ಶುಕ್ರವಾರ ಮಧ್ಯಾಹ್ನ ತಾನೇ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಸೊಸೆಯ ಭುಜಕ್ಕೆ ಶಾಖ ಕೊಟ್ಟಳು. ಸುಡುತ್ತದೇನು ಎಂದು ಕೇಳಿದಳು. ಇಲ್ಲ, ಹಾಯಾಗಿದೆ ಎಂದಳು ನುಜಹತ. ಇನ್ನೊಂದಿಷ್ಟು ಒತ್ತಿ ಹಿಡಿದಳು. ಸಂಜೆ ಕುಪ್ಪಸ ಬಿಚ್ಚಿದರೆ ಭುಜದ ಮೇಲೆ ಅಂಗೈಯಗಲ ಬೊಬ್ಬೆ ಎದ್ದಿತ್ತು.

"ಸುಡಾಕತ್ತಿದ್ರ ಬಾಯಿ ತೆಗಿಬೇಕಿಲ್ಲೋ?" ಇಮಾಮಬಿ ಕೊಬ್ಬರಿ ಎಣ್ಣೆ ಹಚ್ಚುತ್ತ ಬೈದಳು.

"ಸುಡಲೇ ಇಲ್ರಿ ಅತ್ತಿ."

"ಸುಡಲಾರದ ಬೊಬ್ಬಿ ಹೆಂಗ ಎದ್ದೂವು?"

ಗುಲ್ನಾಜ ಅಲ್ಲೇ ಕೂತು ಪುಸ್ತಕ ಓದುತ್ತಿದ್ದಳು. ಮುಜಾಫರ ಹೊಸ್ತಿಲಲ್ಲಿ ಚಹಾ ಕುಡಿಯುತ್ತಿದ್ದ. ಆ ಬೊಬ್ಬೆಯನ್ನು ಮೂವರೂ ನೋಡಿದರು. ಮೂವರೂ ಸುಮ್ಮನಾದರು. ಇದನ್ನು ಬರೆಯುವಾಗ ನನಗೆ ಆ ಮೂವರ ಮೇಲೂ ಸಿಟ್ಟು ಬರುತ್ತದೆ. ನಾನಿದ್ದರೂ ಅಷ್ಟೇ ಮಾಡುತ್ತಿದ್ದೆ ಎಂಬುದು ಬೇರೆ ಮಾತು.

ರಮಜಾನ್ ಮುಗಿದ ಮೇಲೆ ರೊಟ್ಟಿ ಕೆಟ್ಟವು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಾನಗಲ್ಲಿನ ಖಾನಾವಳಿಯವನು ಎರಡು ಕಟ್ಟು ತಿರುಗಿ ಕಳಿಸಿದ. ಸೊಸೆ ಈಗೀಗ ಮೈಗಳ್ಳಿಯಾಗಿದ್ದಾಳೆ, ಹೊಗಳಿದ್ದೇ ತಪ್ಪಾಯಿತು ಎಂದು ಇಮಾಮಬಿ ಮಂಜವ್ವನಿಗೆ ಕೇಳುವಂತೆ, ಅಂದರೆ ನುಜಹತಳಿಗೆ ಕೇಳುವಂತೆ, ಹೇಳಿದಳು. ನುಜಹತ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಟ್ಟಿನ ಮೇಲೆ ಇಡುತ್ತಿದ್ದುದನ್ನು ಮೊದಲು ಕಂಡವಳು ಗುಲ್ನಾಜ. ಆ ವಾರದಲ್ಲೇ ಹಾಲಿನ ಪಾತ್ರೆ ಕೈಯಿಂದ ಜಾರಿತು. ತಲೆ ಬಾಚಿಕೊಳ್ಳಲು ಕೈ ಮೇಲೇರಲಿಲ್ಲ. ಗುಲ್ನಾಜ ಹೆರಳು ಹಾಕಿಕೊಟ್ಟಳು. ತಾಟಿನ ಮುಂದೆ ಕೂತು ರೊಟ್ಟಿ ಮುರಿಯಲು ಹೋದರೆ ಬೆರಳು ಒತ್ತುತ್ತಿರಲಿಲ್ಲ. ಪುಂಡಿಪಲ್ಯದಲ್ಲಿ ರೊಟ್ಟಿ ನೆನೆಹಾಕಿ, ಮೆತ್ತಗಾದ ಮೇಲೆ ಉಣ್ಣುತ್ತಿದ್ದಳು.

"ಯಣ್ಣಾ, ವೈನೀನ ಹುಬ್ಬಳ್ಳಿಗೆ ಕರಕೊಂಡು ಹೋಗು," ಗುಲ್ನಾಜ ಊಟದ ಹೊತ್ತಿಗೆ ಅತ್ತಿಗೆಯ ಕಡೆ ಕೈ ಮಾಡಿ ಎಲ್ಲರೆದುರು ಅಂದಳು.

"ಭುಜ ಹಿಡದದ್ದಕ್ಕ ಹುಬ್ಬಳ್ಳಿ ಯಾಕ?" ಇಮಾಮಬಿ ಕೇಳಿದಳು.

"ಭುಜ ಹಿಡದ್ರ ರೊಟ್ಟಿ ಮುರಿಯಾಕ ಆಗಂಗಿಲ್ಲೇನು?"

"ನೀ ಓದಿದ್ದು ಮಾಸ್ತರಕಿ. ಡಾಕ್ಟರಕಿ ಅಲ್ಲ."

ಮುಜಾಫರ ತಾಟಿನಿಂದ ತಲೆ ಎತ್ತಲಿಲ್ಲ. ತಾಯಿಯ ಮಾತೂ ಮುರಿಯಬಾರದು, ಹೆಂಡತಿಯೂ ಅಳಬಾರದು, ತಂಗಿಯೂ ಸಿಟ್ಟಾಗಬಾರದು. ಇಂಥ ಗಂಡಸು ಕೊನೆಗೆ ಏನೂ ಮಾಡುವುದಿಲ್ಲ. ಅವನು ಮಾಡಿದ್ದು ಇಷ್ಟು: ಊರಲ್ಲೇ ಒಬ್ಬ ಡಾಕ್ಟರ ಹತ್ತಿರ ನೋವಿನ ಇಂಜಕ್ಷನ್ ಕೊಡಿಸಿದ, ಆಮೇಲೆ ಯಾರದೋ ಮಾತು ಕೇಳಿ ರಟ್ಟೀಹಳ್ಳಿ ಕಡೆಯ ಒಬ್ಬ ನಾಟಿ ವೈದ್ಯನ ಬಳಿ ಕರೆದೊಯ್ದ. ವೈದ್ಯ ತೋಳು ಹಿಡಿದು ಜಗ್ಗಿ, ನರ ಮೇಲೇರಿದೆ ಎಂದು ಹೇಳಿ, ಸೊಪ್ಪು ಅರೆದು ಪಟ್ಟಿ ಕಟ್ಟಿದ. ಹನ್ನೊಂದು ದಿನ ಬಿಚ್ಚಬಾರದು ಎಂದ. ಬಿಚ್ಚಿದಾಗ ತೋಳು ಮೊದಲಿಗಿಂತ ಸಣ್ಣದಾಗಿತ್ತು.

ಆ ಮನೆಯಲ್ಲಿ ಮಗುವಿಗೆ ಎರೆಯುವುದಕ್ಕೆ ಒಂದು ಕ್ರಮವಿತ್ತು. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ಮಾಡುವುದು ಇಮಾಮಬಿ. ಹೊಯ್ಯುವುದು, ತಿಕ್ಕುವುದು, ಒರೆಸುವುದು ನುಜಹತ. ಬೆರೆಸುವ ಕೆಲಸವನ್ನು ಮುದುಕಿ ಯಾರಿಗೂ ಬಿಡುತ್ತಿರಲಿಲ್ಲ. ಈ ಎರೆಯುವ ಹೊತ್ತೆಂದರೆ ನುಜಹತಳಿಗೆ ಪ್ರಾಣ. ಒಲೆಯ ಮುಂದಿನಿಂದ ಎದ್ದು ಬಂದು, ಬಚ್ಚಲಿನ ಬಾಗಿಲು ಓರೆ ಮಾಡಿ, ಮಗಳ ಜೊತೆ ಇಡೀ ದಿನದಲ್ಲಿ ಅವಳು ಒಬ್ಬಳೇ ಇರುತ್ತಿದ್ದುದು ಆ ಅರ್ಧ ಗಂಟೆ. ಮಾಹೀರಾ ಶಾಲೆಯ ಪದ್ಯ ಹೇಳುತ್ತಿದ್ದುದೂ ಅಲ್ಲೇ, ಅಜ್ಜಿಯ ಮೇಲೆ ಚಾಡಿ ಹೇಳುತ್ತಿದ್ದುದೂ ಅಲ್ಲೇ.

ಆಷಾಢದ ಒಂದು ರವಿವಾರ ಇಮಾಮಬಿ ಹಿರೇಕೆರೂರಿಗೆ, ತಂಗಿಯ ಮೊಮ್ಮಗಳ ನಿಶ್ಚಯಕ್ಕೆ ಹೋದಳು. ಗುಲ್ನಾಜಳೂ ಜೊತೆಗೆ. ಅವತ್ತು ನುಜಹತ ತಾನೇ ನೀರು ಬೆರೆಸಿದಳು. ಎಡಗೈ ಚರಿಗೆಯ ಕಂಠ ಹಿಡಿದಿತ್ತು; ಬಲಗೈಯನ್ನು ಬಕೀಟಿನೊಳಗೆ ಇಳಿಸಿ ನೋಡಿದಳು. ಇನ್ನೂ ತಣ್ಣಗಿದೆ ಅನ್ನಿಸಿತು. ಮತ್ತೊಂದು ಚರಿಗೆ ಬಿಸಿನೀರು ಹಾಕಿದಳು. ಮತ್ತೆ ಕೈಯಿಟ್ಟು ನೋಡಿದಳು. ಈಗ ಸರಿ ಅನ್ನಿಸಿತು. ಮಗಳ ಬೆನ್ನ ಮೇಲೆ ಒಂದು ಚರಿಗೆ ಹೊಯ್ದಳು.

ಮಾಹೀರಾಳ ಚೀರಾಟ ಕೇಳಿ ಮಂಜವ್ವ ಒಲೆಯ ಮುಂದಿನ ರೊಟ್ಟಿ ಬಿಟ್ಟು ಓಡಿ ಬಂದಳು. ಮಗುವಿನ ಬೆನ್ನು ಮತ್ತು ಎಡತೊಡೆ ಕೆಂಪಗೆ ಸುಲಿದಿತ್ತು. ಬಕೀಟಿಗೆ ಕೈ ಹಾಕಿದ ಮಂಜವ್ವ ಕೂಡಲೇ ಹಿಂದೆಗೆದಳು.

ಸಂಜೆ ಇಮಾಮಬಿ ಬರುವ ಹೊತ್ತಿಗೆ ಮಗುವಿಗೆ ಮುಲಾಮು ಹಚ್ಚಿ ಬೋರಲಾಗಿ ಮಲಗಿಸಿದ್ದರು. ಮುದುಕಿ ಹೆಗಲಿನ ಚೀಲ ಇಳಿಸದೆ ನಿಂತು ಕೇಳಿದಳು.

"ಕೈ ಹಾಕಿ ನೋಡಲಿಲ್ಲೇನು ನೀ?"

"ನೋಡಿದೆ ಅತ್ತಿ. ಎರಡು ಸಲ ನೋಡಿದೆ."

"ಮತ್ತ?"

"ತಣ್ಣಗಿತ್ತು."

ತಾಯಿಯೇ ಹೀಗೆಂದ ಮೇಲೆ ಯಾರಾದರೂ ಏನೆನ್ನಬೇಕು? ಹುಚ್ಚು ಹಿಡಿದಿದೆ ಎಂದಳು ಇಮಾಮಬಿ. ಕೂಸಿನ ಮೇಲೆ ಸಿಟ್ಟು ತೀರಿಸಿಕೊಂಡೆಯಾ ಎಂದೂ ಅಂದಳು. ಆ ಮಾತು ಅನ್ನಬಾರದಿತ್ತು, ಅಂದುಬಿಟ್ಟಳು. ನುಜಹತ ಗೋಡೆಗೆ ಬೆನ್ನು ಆನಿಸಿ ಕೂತವಳು ಅಳಲೂ ಇಲ್ಲ. ತಣ್ಣಗಿತ್ತು, ತಣ್ಣಗಿತ್ತು ಎಂದು ಅದನ್ನೇ ಹೇಳುತ್ತಿದ್ದಳು. ಮುಜಾಫರ ಮೊದಲ ಸಲ ತಾಯಿಗೆ ಸುಮ್ಮನಿರು ಎಂದ.

ಗುಲ್ನಾಜ ಅಡಿಗೆಮನೆಗೆ ಹೋಗಿ ಎರಡು ಸ್ಟೀಲಿನ ಲೋಟ ತಂದಳು. ಒಂದರಲ್ಲಿ ಆಗಷ್ಟೇ ಕುದಿದ ಚಹಾ, ಇನ್ನೊಂದರಲ್ಲಿ ಕೊಡದ ನೀರು. ಅತ್ತಿಗೆಯ ಕಣ್ಣಿಗೆ ತನ್ನ ಓಢಣಿ ಕಟ್ಟಿದಳು. ಒಂದೊಂದನ್ನೇ ಬಲಗೈ ಬೆರಳಿಗೆ ತಾಗಿಸಿ, ಯಾವುದು ಬಿಸಿ ಎಂದು ಕೇಳಿದಳು. ಲೋಟ ತಾಗಿದ್ದು ನುಜಹತಳಿಗೆ ತಿಳಿಯುತ್ತಿತ್ತು. ನುಣ್ಣಗಿದೆ, ಲೋಟ ಎಂದಳು. ಬಿಸಿ ಯಾವುದು ಎಂದರೆ ಸುಮ್ಮನೆ ಊಹಿಸಿದಳು. ಆರು ಸಲದಲ್ಲಿ ನಾಲ್ಕು ಸಲ ತಪ್ಪಿದಳು. ಎಡಗೈಗೆ ತಾಗಿಸಿದರೆ ಆರೂ ಸರಿ.

ಇಮಾಮಬಿ ಚೀಲ ಹಿಡಿದುಕೊಂಡೇ ಇದೆಲ್ಲ ನೋಡಿದಳು. ಆಮೇಲೆ ಚೀಲ ಇಳಿಸಿ, ಸೊಸೆಯ ಕಣ್ಣಿನ ಓಢಣಿಯನ್ನು ತಾನೇ ಬಿಚ್ಚಿದಳು.

ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ನುಜಹತಳ ಬೆರಳ ಕಲೆಗಳನ್ನೂ ಭುಜದ ಹಳೆಯ ಬೊಬ್ಬೆಯ ಗುರುತನ್ನೂ ಡಾಕ್ಟರು ಬಹಳ ಹೊತ್ತು ನೋಡಿದರು. ಅವರು ನಡುವಯಸ್ಸಿನ ಹೆಂಗಸು, ನಿಧಾನ ಮಾತು. ದೊಡ್ಡ ಮಷೀನಿನೊಳಗೆ ಮಲಗಿಸಿ ಕುತ್ತಿಗೆಯ ಚಿತ್ರ ತೆಗೆಸಿದರು. ಎರಡು ದಿನದ ಮೇಲೆ ಗಂಡ, ಹೆಂಡತಿ, ಅತ್ತೆ ಮೂವರನ್ನೂ ಕೂರಿಸಿಕೊಂಡು ಹೇಳಿದರು: ತಲೆಯಿಂದ ಬೆನ್ನಿಗೆ ಇಳಿಯುವ ನರದ ಹುರಿಯ ನಡುವೆ ಪೊಳ್ಳಾಗಿ ನೀರು ತುಂಬಿಕೊಂಡಿದೆ. ಬಿಸಿ, ನೋವು ತಿಳಿಸುವ ಎಳೆಗಳು ಮೊದಲು ಹೋಗುತ್ತವೆ. ಆಮೇಲೆ ಕೈಯ ಶಕ್ತಿ. ಭುಜದ ನೋವೂ ಅದರದೇ. ರೊಟ್ಟಿ ಬಡಿದದ್ದರಿಂದ ಬಂದದ್ದಲ್ಲ.

ಬಿಸಿ ಗೊತ್ತಾಗದೆ ಎಷ್ಟು ದಿನವಾಯಿತು ಎಂದು ಕೇಳಿದರು. ಮುಜಾಫರ ಹೆಂಡತಿಯ ಮುಖ ನೋಡಿದ.

"ಮೂರು ವರ್ಷ ಆತ್ರಿ," ಅಂದಳು ಇಮಾಮಬಿ. "ನಾವು ಅದನ್ನ ಚಲೋದು ಅಂತ ತಿಳಕೊಂಡಿದ್ವಿ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಇಮಾಮಬಿಗೆ ಒಳ್ಳೆಯದಿತ್ತು. ಆಗಲೇ ಬಂದಿದ್ದರೆ ಈ ಕೈ ಉಳಿಯಬಹುದಿತ್ತು ಎಂದಷ್ಟೇ ಹೇಳಿ, ಮುಂದಿನ ಮಾತಿಗೆ ಹೋದರು. ತಲೆಯ ಹಿಂದೆ ಸಣ್ಣ ಎಲುಬು ತೆಗೆದು ಜಾಗ ಮಾಡಿಕೊಡುವ ಆಪರೇಷನ್ ಇದೆ. ಇನ್ನೂ ಮುಂದೆ ಹೋಗದಂತೆ ತಡೆಯುವುದಕ್ಕೆ ಅದು. ಹೆಚ್ಚಿನವರಿಗೆ ನಿಲ್ಲುತ್ತದೆ, ಕೆಲವರಿಗೆ ನಿಲ್ಲುವುದಿಲ್ಲ. ಹೋದದ್ದು ತಿರುಗಿ ಬರುತ್ತದೆಂದು ಯಾರೂ ಆಸೆ ಇಟ್ಟುಕೊಳ್ಳಬಾರದು.

ಆಪರೇಷನ್ ಆಯಿತು. ಮೂರು ವಾರದ ಮೇಲೆ ನುಜಹತ ಮನೆಗೆ ಬಂದಳು. ಬಲಗೈ ಮೊಣಕೈಯಿಂದ ಕೆಳಗೆ ಜೋತುಬಿದ್ದಿತ್ತು, ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಭುಜದ ನೋವು ಹಾಗೇ ಇತ್ತು. ಬಿಸಿ ತಿಳಿಯದ ಆ ಭುಜಕ್ಕೆ ಇದೊಂದು ಮಾತ್ರ ಹಗಲೆಲ್ಲ ತಿಳಿಯುತ್ತಿತ್ತು. ತೋಳನ್ನು ಓಢಣಿಯಲ್ಲಿ ಜೋಲಿ ಕಟ್ಟಿ ಕುತ್ತಿಗೆಗೆ ತೂಗಿಸಿದರೆ ಸ್ವಲ್ಪ ಹಗುರ. ಎಡಗೈಯಲ್ಲಿ ಚಮಚ ಹಿಡಿದು ಅನ್ನ ಉಣ್ಣಲು ಕಲಿತಳು. ಎಡಗೈಯಲ್ಲಿ ಉಣ್ಣುವುದನ್ನು ಇಮಾಮಬಿ ಜನ್ಮದಲ್ಲಿ ಸಹಿಸಿದವಳಲ್ಲ. ಈಗ ತಾನೇ ಚಮಚ ತೊಳೆದು ತಾಟಿನ ಎಡಕ್ಕೆ ಇಡುತ್ತಿದ್ದಳು.

ಮೂರನೆಯ ಒಲೆ ಆರಿತು. ಮುದುಕಿ ಮತ್ತು ಮಂಜವ್ವ ಇಬ್ಬರೇ ಬಡಿದಷ್ಟು ಬಡಿದರು. ಹಾನಗಲ್ಲಿನ ಖಾನಾವಳಿ ಬಿಟ್ಟುಹೋಯಿತು. ಆ ಕೈ ನೋಡಬೇಕು ಎಂದು ಬಂಕಾಪುರದಿಂದ ಯಾರೋ ಹೆಂಗಸರು ಒಂದು ದಿನ ಬಂದಿದ್ದರು, ಹಳೆಯ ಸುದ್ದಿ ಕೇಳಿಕೊಂಡು. ಇಮಾಮಬಿ ಬಾಗಿಲಲ್ಲೇ ನಿಂತು, ಮನೆಯಲ್ಲಿ ಯಾರೂ ಇಲ್ಲ ಎಂದು ಕಳಿಸಿದಳು.

ನುಜಹತ ಅದು ಬೇಕು ಇದು ಬೇಕು ಅನ್ನಲಿಲ್ಲ. ಒಂದೇ ಒಂದು ಕೇಳಿದಳು.

"ಮಾಹೀರಾಗ ನಾನ ಎರೀತೇನಿ. ಎಡಗೈ ಚಲೋ ಐತಿ, ಡಾಕ್ಟರೂ ಅಂದಾರ."

"ನೀ ಕುಂತು ನೋಡು, ಸಾಕು," ಅಂದಳು ಇಮಾಮಬಿ.

"ನೋಡಾಕ ಊರ ಮಂದಿ ಅದಾರ ಅತ್ತಿ. ಅವ್ವ ಅಂತ ನಂದು ಒಂದರ ಕೆಲಸ ಇರ್ಲಿ."

ಮೊದಲ ದಿನ ಮಾಹೀರಾ ಬಚ್ಚಲಿನ ಬಾಗಿಲಲ್ಲಿ ನಿಂತು ಒಳಗೆ ಬರಲಿಲ್ಲ. ಬೆನ್ನು ಮಾದಿತ್ತು, ಹೆದರಿಕೆ ಮಾದಿರಲಿಲ್ಲ. ಗುಲ್ನಾಜ ಎತ್ತಿ ತಂದು ಕೂರಿಸಿದಳು. ನುಜಹತ ಎಡಗೈ ನೀರಿನಲ್ಲಿಟ್ಟು, ಬೆಚ್ಚಗಿದೆ ಎಂದು ತನಗೆ ತಿಳಿದ ಮೇಲೆ, ಮಗಳ ಕೈಯನ್ನೂ ಅದ್ದಿಸಿ, ಅವಳು ಹೂಂ ಅಂದ ಮೇಲೆ ಹೊಯ್ದಳು. ವಾರ ಕಳೆದ ಮೇಲೆ ಮಾಹೀರಾ ತಾನೇ ಓಡಿ ಬಂದು ಕೂರತೊಡಗಿದಳು; ನೀರಿಗೆ ಬೆರಳು ಹಾಕುವುದನ್ನೂ ಬಿಟ್ಟಳು. ಮತ್ತೆ ಪದ್ಯ, ಮತ್ತೆ ಅಜ್ಜಿಯ ಚಾಡಿ. ಗುಲ್ನಾಜಳಿಗೆ ಪರೀಕ್ಷೆ ಹತ್ತಿರ ಬಂದು ಅವಳೂ ಬಚ್ಚಲು ಬಿಟ್ಟಳು. ಇಮಾಮಬಿ ಒಲೆಯ ಮುಂದೆ ಕೂತು ಆ ನಗು ಕೇಳುತ್ತಿದ್ದಳು. ಆ ಎರಡು ತಿಂಗಳು ಮನೆಯಲ್ಲಿ ಎಲ್ಲರೂ ಸ್ವಲ್ಪ ಉಂಡರು, ಸ್ವಲ್ಪ ನಕ್ಕರು.

ಎರಡನೆಯ ತಪಾಸಣೆಗೆ ಹುಬ್ಬಳ್ಳಿಗೆ ಅತ್ತೆ ಸೊಸೆ ಇಬ್ಬರೇ ಹೋದರು. ಮುಜಾಫರನಿಗೆ ಶಿಗ್ಗಾವಿಯ ಒಂದು ಮದುವೆಗೆ ರೊಟ್ಟಿ ಮುಟ್ಟಿಸುವುದಿತ್ತು. ಡಾಕ್ಟರು ಕುತ್ತಿಗೆ ನೋಡಿದರು, ಬಲಗೈ ಎತ್ತಿ ಬಿಟ್ಟರು, ಬರೆದುಕೊಂಡರು. ಎಡಗೈ ಹೇಗಿದೆ ಎಂದು ಕೇಳಿದರು.

"ಚಲೋ ಐತ್ರಿ," ಅಂದಳು ನುಜಹತ.

ಬಿಸಿ, ತಣ್ಣಗೆ ತಿಳಿಯುತ್ತದೆಯೇ?

"ತಿಳೀತದ್ರಿ."

ಇಮಾಮಬಿ ಕುರ್ಚಿಯ ಅಂಚಿಗೆ ಬಂದಳು. "ಇಲ್ರಿ ಡಾಕ್ಟರ," ಅಂದಳು. "ತಿಳಿಯಂಗಿಲ್ಲ. ಹೋದ ಬುಧವಾರ ಒಲಿ ಮ್ಯಾಲಿನ ಹಾಲಿನ ಬೋಗಾಣಿ ಎಡಗೈಲೆ ಬರಿಗೈಲೆ ಇಳಿಸ್ಯಾಳ. ನಾ ನೋಡೇನಿ."

ನುಜಹತ ತಿರುಗಿ ಅತ್ತೆಯನ್ನು ನೋಡಿದಳು. ಬೊಬ್ಬೆ ಎದ್ದ ಎಡಗೈ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದಳು. ಡಾಕ್ಟರು ಒಂದೊಂದೇ ಬಿಡಿಸಿದರು. ಮತ್ತೆ ಚಿತ್ರ ತೆಗೆಸಬೇಕು ಎಂದರು. ತೆಗೆಸಿದರು. ಪೊಳ್ಳು ನಿಂತಿರಲಿಲ್ಲ, ಎಡಕ್ಕೂ ಹರಡಿತ್ತು. ಇನ್ನೊಮ್ಮೆ ಆಪರೇಷನ್ ಮಾಡಿ ನೋಡಬಹುದು, ಆದರೆ ಈ ಸಲ ನಾನು ಹೆಚ್ಚು ಭರವಸೆ ಕೊಡಲಾರೆ ಎಂದರು. ಯೋಚಿಸಿ ಬನ್ನಿ ಎಂದರು.

ಬಸ್ಸು ಶಿಗ್ಗಾವಿ ದಾಟಿತು. ನುಜಹತ ಕಿಟಕಿಯ ಕಡೆ ಮುಖ ಮಾಡಿದ್ದಳು. ಅವಳಿಗೆ ಬಂದಿದ್ದು ದುಃಖಕ್ಕಿಂತ ಮೊದಲು ಸಿಟ್ಟು.

"ನೀವು ಹೇಳಬಾರದಿತ್ತು ಅತ್ತಿ. ಒಂದು ಕೆಲಸ ಉಳದಿತ್ತು ನನಗ."

"ನಾಕ ದಿನ ಹೇಳಲಾರದ ಇದ್ದೆ," ಅಂದಳು ಇಮಾಮಬಿ. "ನೀ ಕೂಸಿನ ಅಂಗಿ ಬಿಚ್ಚೂ ಮುಂದ ದಿನಾ ಬಂದು ಬಕೀಟಿನ್ಯಾಗ ಕೈ ಹಾಕಿ ನೋಡೇನಿ. ನೀ ಆ ಕಡೆ ಹೊಳ್ಳಿದ್ದಿ. ಮೂರನೇ ದಿನ ಎರಡು ಚರಿಗಿ ತಣ್ಣೀರು ಸುರದೆ."

ನುಜಹತ ಕಿಟಕಿಯಿಂದ ಮುಖ ತಿರುಗಿಸಿದಳು. ಆಮೇಲೆ ಕೇಳಿದಳು.

"ಎಷ್ಟು ಬಿಸಿ ಇತ್ರಿ?"

"ಕೈ ಇಡಾಕ ಆಗ್ಲಿಲ್ಲವಾ."

ಮುಂದಿನ ಸೀಟಿನ ಕಂಬಿಗೆ ನುಜಹತ ಹಣೆ ಹಚ್ಚಿದಳು. ಇಮಾಮಬಿ ಅವಳ ಬೆನ್ನ ಮೇಲೆ ಕೈಯಿಟ್ಟಳು, ನುಜಹತ ಕೊಡವಿಕೊಳ್ಳಲಿಲ್ಲ. ಸವಣೂರು ಇನ್ನೂ ಸ್ವಲ್ಪ ದೂರವಿರುವಾಗ, ಹಣೆ ಎತ್ತದೆಯೇ ಹೇಳಿದಳು.

"ನಾಳಿಂದ ನೀವ ಎರೀರಿ."

ಬಸ್‌ಸ್ಟ್ಯಾಂಡಿಗೆ ಗುಲ್ನಾಜ ಮಾಹೀರಾಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದಳು. ಮಗು ಎಂದಿನಂತೆ ಇಳಿದು ಓಡಿ ಬರಲಿಲ್ಲ, ಸೋದರತ್ತೆಯ ಹೆಗಲ ಮೇಲೆ ತಲೆ ಹಾಕಿ ಮಲಗಿತ್ತು. ಮಧ್ಯಾಹ್ನ ಊಟ ಮಾಡಿಲ್ಲ ಎಂದಳು ಗುಲ್ನಾಜ.

"ಮೈ ಬಿಸಿ ಐತೇನ ನೋಡ್ರಿ ವೈನಿ, ನನಗ ಹಂಗ ಅನ್ನಸ್ತದ."

ನುಜಹತ ಎಡಗೈಯನ್ನು ಮಗಳ ಹಣೆಯ ಮೇಲಿಟ್ಟಳು. ಇಟ್ಟುಕೊಂಡೇ ನಿಂತಳು. ಹಣೆ ನುಣ್ಣಗಿತ್ತು, ಸ್ವಲ್ಪ ಬೆವರಿತ್ತು, ಅದು ಗೊತ್ತಾಯಿತು. ಇಮಾಮಬಿ ನೋಡುತ್ತಿದ್ದಳು, ಗುಲ್ನಾಜ ಕಾಯುತ್ತಿದ್ದಳು. ಆಗ ನುಜಹತ ಕೈ ತೆಗೆದು, ಬಗ್ಗಿ, ತನ್ನ ಕೆನ್ನೆಯನ್ನು ಮಗಳ ಹಣೆಗೆ ಒತ್ತಿದಳು.

"ಹೌದು," ಅಂದಳು. "ಬಿಸಿ ಐತಿ."

ಆದರೂ ಕೆನ್ನೆ ತೆಗೆಯಲಿಲ್ಲ. ಹಿಂದೆ ನಿಂತ ಬಸ್ಸಿನವನು ಹಾರ್ನ್ ಹೊಡೆದ ಮೇಲೆ ಇಮಾಮಬಿಯೇ ಅವಳ ರಟ್ಟೆ ಹಿಡಿದು ದಾರಿಯ ಪಕ್ಕಕ್ಕೆ ಕರೆತಂದಳು.